ಮೂರು ಸ್ಟಾರ್ ಕೊಟ್ಟರೆ ಬೈದ ಹಾಗಲ್ಲ

"ವಿಮರ್ಶೆ ತುಂಬ ಚೆನ್ನಾಗಿ ಬರೆದಿದ್ದೀರಿ ಮೇಡಂ, ಆದರೆ ಮೂರೇ ಸ್ಟಾರ್ ಯಾಕೆ?" ಹೋದ ತಿಂಗಳು ಒಬ್ಬ ಕಾದಂಬರಿಕಾರರು ಕೇಳಿದರು. ನನಗೆ ಈ ಪ್ರಶ್ನೆ ಹೊಸದಲ್ಲ. ಇಷ್ಟು ವರ್ಷದಲ್ಲಿ ಜಗಳ ಬಂದಿರುವುದೆಲ್ಲ ನಾನು ಕೂತು ಬರೆದ ಎಂಟುನೂರು ಪದಗಳ ಮೇಲಲ್ಲ, ಪಕ್ಕದಲ್ಲಿ ಹಾಕಿದ ಆ ಚುಕ್ಕಿಗಳ ಮೇಲೆ.

ಸ್ಟಾರ್ ಅನ್ನುವುದು ಎಲ್ಲ ಕಡೆ ಒಂದೇ ಅಳತೆ ಅಲ್ಲ. ಓದುಗರೇ ಪುಸ್ತಕಗಳಿಗೆ ಸ್ಟಾರ್ ಕೊಡುವ ಗುಡ್‌ರೀಡ್ಸ್ ಜಾಲತಾಣದಲ್ಲಿ ಎರಡು ಸ್ಟಾರ್ ಅಂದರೆ 'ಪರವಾಗಿಲ್ಲ', ಮೂರು ಅಂದರೆ 'ಇಷ್ಟ ಆಯ್ತು', ನಾಲ್ಕು 'ತುಂಬ ಇಷ್ಟ ಆಯ್ತು'. ಆದರೆ ನೋಡುವವರು ಪರೀಕ್ಷೆಯ ಅಂಕದ ಹಾಗೆ ನೋಡುತ್ತಾರೆ. ಐದಕ್ಕೆ ಮೂರು, ನೂರಕ್ಕೆ ಅರವತ್ತು, ಪಾಪ! 1933ರಿಂದ ವಿಮರ್ಶೆ ಪ್ರಕಟಿಸುತ್ತಿರುವ ಅಮೆರಿಕದ ಪುಸ್ತಕ ವಿಮರ್ಶಾ ಪತ್ರಿಕೆ ಕರ್ಕಸ್‌ನವರು ಜಾಣರು, ಅಲ್ಲಿ ಪುಸ್ತಕಕ್ಕೆ ಸ್ಟಾರ್ ಇರುತ್ತದೆ, ಇಲ್ಲವಾದರೆ ಇಲ್ಲ, ಅಷ್ಟೇ. ಗುಡ್‌ರೀಡ್ಸ್ ಥರದ್ದೇ ಇನ್ನೊಂದು ತಾಣ ಸ್ಟೋರಿಗ್ರಾಫ್‌ನಲ್ಲಿ ಕಾಲು ಕಾಲು ಸ್ಟಾರ್ ಲೆಕ್ಕದಲ್ಲೂ ಕೊಡಬಹುದು. ಅದರಿಂದ ಕೆಲಸ ಸುಲಭ ಆಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. 3.75ಕ್ಕೂ 4ಕ್ಕೂ ಏನು ವ್ಯತ್ಯಾಸ ಅಂದರೆ ನಾನೂ ತಲೆ ಕೆರೆದುಕೊಳ್ಳಬೇಕು.

ನಾನು ಓದಿ ಮುಗಿಸಿದ ದಿನ ಸ್ಟಾರ್ ಹಾಕುವುದಿಲ್ಲ. ಒಂದು ಸಲ ರಾತ್ರಿ ಮೂರು ಗಂಟೆ ತನಕ ಕೂತು ಒಂದು ಥ್ರಿಲ್ಲರ್ ಮುಗಿಸಿ, ಅದೇ ಬಿಸಿಯಲ್ಲಿ ಐದು ಕೊಟ್ಟು ಮಲಗಿದೆ. ವಾರ ಕಳೆದು ಬರೆಯೋಕೆ ಕೂತರೆ ನಾಯಕಿಯ ಹೆಸರೇ ನೆನಪಿಲ್ಲ. ಕೊನೆಯ ಇಪ್ಪತ್ತು ಪುಟ ಚುರುಕಾಗಿದ್ದರೆ ನಡುವಿನ ನೂರು ಪುಟ ಆಕಳಿಸಿದ್ದು ಮರೆತೇ ಹೋಗುತ್ತದೆ. ಅದಕ್ಕೇ ಓದುವಾಗ ಪುಸ್ತಕ ಎಲ್ಲಿ ಕೆಳಗಿಟ್ಟೆ ಅಂತ ಪುಟದ ಮೂಲೆಯಲ್ಲಿ ಪೆನ್ಸಿಲ್ ಗೀಟು ಹಾಕುತ್ತೇನೆ. ಗೀಟುಗಳು ಒಂದೇ ಕಡೆ ಗುಂಪು ಕಟ್ಟಿದ್ದರೆ ಅಲ್ಲೇ ಏನೋ ಕೆಟ್ಟಿದೆ ಅಂತ ಅರ್ಥ. (ನಿದ್ದೆ ಬಂದು ಇಟ್ಟದ್ದು ಲೆಕ್ಕಕ್ಕಿಲ್ಲ.)

ಆಮೇಲೆ ಕೇಳಿಕೊಳ್ಳುವುದು, ಈ ಪುಸ್ತಕ ಏನು ಮಾಡೋಕೆ ಹೊರಟಿತ್ತು? ಪತ್ತೇದಾರಿ ಕಾದಂಬರಿಯಲ್ಲಿ ಸುಳಿವುಗಳನ್ನು ನನ್ನ ಕಣ್ಣೆದುರೇ ಇಟ್ಟು ಯಾಮಾರಿಸಿದರೆ ಅದಕ್ಕೆ ಐದು ಕೊಡೋಕೆ ನನಗೇನೂ ಸಂಕೋಚ ಇಲ್ಲ, ಅದರಲ್ಲಿ ಜೀವನದರ್ಶನ ಇಲ್ಲ ಅಂತ ಅಂಕ ಕಡಿಯುವುದು ಸುಮ್ನೆ ದೊಡ್ಡಸ್ತಿಕೆ. ಕಥಾಸಂಕಲನದಲ್ಲಿ ಸರಾಸರಿ ತೆಗೆಯುವುದಿಲ್ಲ. ಹನ್ನೆರಡರಲ್ಲಿ ಮೂರು ಕಥೆ ವರ್ಷಗಟ್ಟಲೆ ಕಾಡುವಂತಿದ್ದರೆ ಉಳಿದ ಒಂಬತ್ತು ಸಾಧಾರಣ ಆದರೂ ನಾಲ್ಕು ಕೊಡುತ್ತೇನೆ. ಅರ್ಧಕ್ಕೆ ಬಿಟ್ಟದ್ದಕ್ಕೆ ಸ್ಟಾರ್ ಇಲ್ಲ. ಗೆಳೆಯರ ಪುಸ್ತಕಕ್ಕಂತೂ ಇಲ್ಲವೇ ಇಲ್ಲ. ಮುಖಪುಟ ಚೆನ್ನಾಗಿಲ್ಲ, ಪಾರ್ಸೆಲ್ ತಡವಾಯ್ತು ಅಂತ ಒಂದು ಸ್ಟಾರ್ ಹಾಕುವವರ ಬಗ್ಗೆ ಏನೂ ಹೇಳುವುದಿಲ್ಲ.

ಈಗ ಆ ಕಾದಂಬರಿಗೆ ಬರೋಣ. ನಿವೃತ್ತ ಸರ್ವೆಯರ್ ಒಬ್ಬ ಟೇಪ್ ಹಿಡಿದು ತನ್ನದೇ ಮನೆಯ ಕೋಣೆಗಳನ್ನು ಅಳೆಯುವುದರಿಂದ ಕಥೆ ಶುರು. ಹೆಂಡತಿ ತೀರಿಕೊಂಡ ಮೇಲೆ ಮನೆ ದೊಡ್ಡದಾಗಿದೆ ಅಂತ ಅವನಿಗೆ ಅನುಮಾನ. ಎಷ್ಟು ಚೆನ್ನಾಗಿದೆ ಅಲ್ವಾ? ಮೊದಲ ನೂರು ಪುಟದಲ್ಲಿ ನನ್ನ ಒಂದು ಗೀಟೂ ಇಲ್ಲ. ಆಮೇಲೆ ಮಗಳು ಬಂದಳು, ಅಳಿಯ ಬಂದ, ಪಕ್ಕದ ಮನೆಯ ಹುಡುಗ ಬಂದ, ಎಲ್ಲರೂ ಆ ಮುದುಕನ ಹಾಗೇ ಅಳೆದು ತೂಗಿ ಮಾತಾಡೋಕೆ ಶುರು ಮಾಡಿದರು. ಇಂಥ ಕಡೆ ನನ್ನದೊಂದು ಹಳೆಯ ಪರೀಕ್ಷೆ ಇದೆ: ಪಾತ್ರಗಳ ಹೆಸರಿನ ಮೇಲೆ ಬೆರಳಿಟ್ಟು ಬರೀ ಮಾತುಗಳನ್ನು ಓದುವುದು. ಯಾರು ಮಾತಾಡುತ್ತಿದ್ದಾರೆ ಅಂತ ಗೊತ್ತಾಗಬೇಕು. ಹತ್ತು ವರ್ಷದ ಹುಡುಗ ಮತ್ತು ಎಪ್ಪತ್ತರ ಸರ್ವೆಯರ್ ನನಗೆ ಬೇರೆಬೇರೆಯಾಗಿ ಕೇಳಿಸಲೇ ಇಲ್ಲ. ಮೂರು ಸ್ಟಾರ್ ಬಂದದ್ದು ಅಲ್ಲಿಂದ. ಮೊದಲ ನೂರು ಪುಟ ಇಲ್ಲದಿದ್ದರೆ ಎರಡಕ್ಕೆ ಇಳಿಯುತ್ತಿತ್ತು.

ಲೇಖಕರಿಗೆ ಇದನ್ನೇ ಬರೆದು, ಗೀಟು ಬಿದ್ದ ಪುಟಗಳ ಪಟ್ಟಿಯನ್ನೂ ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು. "ಉಳಿದದ್ದು ಸರಿ, 164ನೇ ಪುಟ ಒಪ್ಪುವುದಿಲ್ಲ. ಅಲ್ಲಿ ಹುಡುಗ ತಾತನನ್ನು ಅಣಕಿಸುತ್ತಿದ್ದಾನೆ." ತೆಗೆದು ನೋಡಿದೆ, ಹೌದು, ಅಣಕಿಸುತ್ತಿದ್ದಾನೆ. ಆ ಗೀಟನ್ನು ಅಳಿಸಿದೆ. ಸ್ಟಾರ್ ಮೂರೇ ಇದೆ.