ತೋಟದ ಮನೆಗೆ ಯಾವ ಜಾತಿ ನಾಯಿ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಒಂಟಿ ಮನೆಗಳು ಜಾಸ್ತಿ. ಪಕ್ಕದ ಮನೆಗೆ ಹೋಗಬೇಕೆಂದರೆ ಒಂದು ಸೊಪ್ಪಿನ ಬೆಟ್ಟ ದಾಟಬೇಕು. ಮಕ್ಕಳು ಬೆಂಗಳೂರಲ್ಲಿ. ಮನೆಯಲ್ಲಿ ವಯಸ್ಸಾದ ಅಪ್ಪ, ಅಮ್ಮ ಇಬ್ಬರೇ. ಅಟ್ಟದ ಮೇಲೆ ಅಡಿಕೆ ಚೀಲ. ದರ ಏರಿದಾಗಲೆಲ್ಲ ಅಡಿಕೆ ಕಳ್ಳತನದ ಸುದ್ದಿಯೂ ಬರುತ್ತದೆ. ಆಗ ಬೆಂಗಳೂರಿನ ಮಗನಿಗೆ ನಾಯಿಯ ನೆನಪಾಗುತ್ತದೆ. ಮೊಬೈಲಲ್ಲಿ ಹುಡುಕಿ, ದುಡ್ಡು ಕೊಟ್ಟು, ಒಂದು ರಾಟ್‌ವೀಲರ್ ಮರಿ ತಂದು ಬಿಟ್ಟು ಹೋಗುತ್ತಾನೆ. ಮೂರು ತಿಂಗಳ ಮರಿ ಮುದ್ದಾಗಿಯೇ ಇರುತ್ತದೆ. ಒಂದೂವರೆ ವರ್ಷಕ್ಕೆ ಅದು 40 ಕಿಲೋ ದಾಟುತ್ತದೆ. ಎಪ್ಪತ್ತು ದಾಟಿದ ಅಪ್ಪ ಅದರ ಹಗ್ಗ ಹಿಡಿದು ಹೊರಟರೆ ಯಾರು ಯಾರನ್ನು ತಿರುಗಾಡಿಸುತ್ತಿದ್ದಾರೆ ಅಂತ ಹೇಳುವುದು ಕಷ್ಟ.

ಮೊದಲ ಸಲ ನಾಯಿ ಸಾಕುವವರು ಕೇಳುವುದು ಜಾತಿಯನ್ನು. ಕೇಳಬೇಕಾದ್ದು ಕೆಲಸವನ್ನು. ಇಂಥ ಮನೆಗೆ ಬೇಕಾಗಿರುವುದು ಕಚ್ಚುವ ನಾಯಿಯಲ್ಲ. ಬೊಗಳಿ ಎಬ್ಬಿಸುವ ನಾಯಿ. ಕಚ್ಚುವುದನ್ನು ಕಲಿತ ನಾಯಿಯನ್ನು ಹಿಡಿತದಲ್ಲಿಡಲು ಪಳಗಿದ ಕೈ ಬೇಕು. ಪೊಲೀಸ್ ಇಲಾಖೆಯಲ್ಲಿ ಅದಕ್ಕಾಗಿಯೇ ತರಬೇತಾದ ಜನ ಇರುತ್ತಾರೆ. ಬೊಗಳುವುದಕ್ಕೆ ತರಬೇತಿಯೇ ಬೇಡ.

ಬೊಗಳುವುದನ್ನು ನಾವು ಸುಮ್ನೆ ಗಲಾಟೆ ಅಂದುಕೊಂಡಿರುತ್ತೇವೆ. ನಾಯಿ ಬಂದಿದ್ದು ತೋಳದ ಕುಲದಿಂದ. ಆದರೆ ಬೆಳೆದ ತೋಳ ಬೊಗಳುವುದು ಅಪರೂಪ. ಬೊಗಳಿದರೂ ಅಪಾಯ ಕಂಡಾಗ ಒಂದೆರಡು ಸಲ, ಅಷ್ಟೇ. ಮನುಷ್ಯರ ಜೊತೆ ಕನಿಷ್ಠ 15,000 ವರ್ಷ ಬದುಕಿದ ನಾಯಿಗೆ ಬೊಗಳಲು ಹತ್ತೆಂಟು ಕಾರಣ ಇವೆ. ಹಂಗೇರಿಯ ಸಂಶೋಧಕರು ಮೂಡಿ ಎನ್ನುವ ಕುರಿ ಕಾಯುವ ನಾಯಿಗಳ ಕೂಗನ್ನು ಬೇರೆ ಬೇರೆ ಸಂದರ್ಭಗಳಲ್ಲಿ ಮುದ್ರಿಸಿ ಜನರಿಗೆ ಕೇಳಿಸಿದರು. 2005ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಅಪರಿಚಿತರು ಬಂದಾಗಿನ ಕೂಗು ಯಾವುದು, ಒಂಟಿಯಾಗಿ ಕಟ್ಟಿಹಾಕಿದಾಗಿನದ್ದು ಯಾವುದು ಎಂಬುದನ್ನು ನಾಯಿ ಸಾಕದವರೂ ಸುಮಾರಾಗಿ ಗುರುತಿಸಿದರು. ದಪ್ಪ ದನಿಯಲ್ಲಿ, ಒಂದರ ಹಿಂದೊಂದು ಬಿಡುವಿಲ್ಲದೆ ಬಂದ ಕೂಗು ಜನರಿಗೆ ಸಿಟ್ಟಿನ ಕೂಗಾಗಿ ಕೇಳಿಸಿತ್ತು. ನಮ್ಮ ಕಡೆಯ ಅಜ್ಜಿಯಂದಿರಿಗೆ ಇದು ಹೊಸ ವಿಷಯ ಅಲ್ಲ. ನಡುರಾತ್ರಿ ನಾಯಿ ಕೂಗಿದರೆ ಮಲಗಿದಲ್ಲಿಂದಲೇ "ಹಂದಿಗೆ ಕೂಗ್ತಾ ಇದ್ದು, ಮನಿಕ್ಯ (ಮಲಗಿಕೋ)" ಅಂದುಬಿಡುತ್ತಾರೆ. ದಣಪೆ (ಬೇಲಿಯ ಬಾಗಿಲು) ಹತ್ತಿರ ಜನ ಬಂದಾಗಿನ ಕೂಗಿಗೆ ಅವರೇ ಎದ್ದು ಕೂರುತ್ತಾರೆ.

ಹಾಗಾದರೆ ಜಾತಿಗೆ ಬೆಲೆ ಇಲ್ವಾ? ಇದೆ. ಅಂಗಡಿಯವನು ಹೇಳುವಷ್ಟು ಇಲ್ಲ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 18,000ಕ್ಕೂ ಹೆಚ್ಚು ನಾಯಿಗಳ ಸ್ವಭಾವದ ಬಗ್ಗೆ ಸಾಕಿದವರಿಂದ ಪ್ರಶ್ನೆಗಳಿಗೆ ಉತ್ತರ ಪಡೆದಿದ್ದರು. ಅವುಗಳಲ್ಲಿ 2,000ಕ್ಕೂ ಹೆಚ್ಚಿನವುಗಳ ಡಿಎನ್‌ಎ ಓದಿದ್ದರು. ನಾಯಿಯಿಂದ ನಾಯಿಗೆ ಸ್ವಭಾವದಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಲು ಆಗಿದ್ದು ಸುಮಾರು 9 ಶೇಕಡ ಮಾತ್ರ. ಹೇಳಿದ ಮಾತು ಕೇಳುವ ಗುಣದಲ್ಲಿ ತಳಿಯ ಪಾತ್ರ ಸ್ವಲ್ಪ ಜಾಸ್ತಿ. ಎಷ್ಟು ಬೇಗ ಕೆರಳುತ್ತದೆ ಎಂಬುದರಲ್ಲಿ ತಳಿ ಹೇಳುವುದು ತೀರಾ ಕಡಿಮೆ. ಇದನ್ನು ಓದಿ "ಎಲ್ಲಾ ನಾಯಿಯೂ ಒಂದೇ" ಅನ್ನಬಾರದು. ಮೈಯ ಗಾತ್ರ, ದವಡೆಯ ಬಲ, ಕೂದಲು, ಬರುವ ಕಾಯಿಲೆ ಇವೆಲ್ಲ ತಳಿಯ ಜೊತೆಗೇ ಬರುತ್ತವೆ. ಕೆರಳಿದ ಪೊಮೆರೇನಿಯನ್ ಕಾಲಿಗೆ ಗಾಯ ಮಾಡುತ್ತದೆ. ಕೆರಳಿದ ರಾಟ್‌ವೀಲರ್ ಆಸ್ಪತ್ರೆಗೆ ಕಳಿಸುತ್ತದೆ. ಹೊಸಬರಿಗೆ ಈ ವ್ಯತ್ಯಾಸವೇ ಮುಖ್ಯ ಅಂತ ನನಗನ್ನಿಸುತ್ತದೆ.

ಜನ ಸಾಮಾನ್ಯವಾಗಿ ಕೇಳುವ ಹೆಸರುಗಳನ್ನೇ ನೋಡೋಣ. ಡಾಬರ್‌ಮನ್ ಹುಟ್ಟಿದ್ದು 19ನೇ ಶತಮಾನದ ಕೊನೆಯಲ್ಲಿ, ಜರ್ಮನಿಯ ಅಪೋಲ್ಡಾ ಊರಲ್ಲಿ. ಕಾರ್ಲ್ ಫ್ರೀಡ್ರಿಶ್ ಲೂಯಿ ಡಾಬರ್‌ಮನ್ ತೆರಿಗೆ ವಸೂಲಿ ಮಾಡುತ್ತಿದ್ದ. ವಸೂಲಿಗೆ ಹೋಗುವಾಗ ಜೊತೆಗೆ ಇಂಥದ್ದೊಂದು ನಾಯಿ ಬೇಕಿತ್ತು ಅನ್ನುವುದು ಅರ್ಥವಾಗುವ ಮಾತು. ಚುರುಕು, ಎಚ್ಚರ, ಎರಡೂ ಇದೆ. ದಿನವಿಡೀ ಏನಾದರೂ ಕೆಲಸವೂ ಬೇಕು. ಕೊಡದಿದ್ದರೆ ತಾನೇ ಕೆಲಸ ಹುಡುಕಿಕೊಳ್ಳುತ್ತದೆ. ಅದರ ಹೃದಯದ ಸ್ನಾಯು ಸಡಿಲವಾಗಿ ಹಿಗ್ಗುವ ಕಾಯಿಲೆ ಈ ತಳಿಯಲ್ಲಿ ಬಹಳ. ಮೇಲಿಂದ ಗಟ್ಟಿಮುಟ್ಟಾಗಿ ಕಾಣುವ ನಾಯಿ ಒಂದು ದಿನ ಇದ್ದಕ್ಕಿದ್ದಂತೆ ಬಿದ್ದು ಸಾಯುವುದು ಇದರಿಂದಲೇ.

ಜರ್ಮನ್ ಶೆಫರ್ಡ್ ಕಲಿಯುವುದರಲ್ಲಿ ಜಾಣ. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಈ ತಳಿಗೆ ರೂಪ ಕೊಟ್ಟ. ಕುರಿ ಕಾಯುವ ನಾಯಿ ಅದು, ತಣ್ಣನೆಯ ಬಯಲಿನದ್ದು. ಮೈಮೇಲೆ ಎರಡು ಪದರ ಕೂದಲು. ಸೊಂಟದ ಕೀಲು ಸಡಿಲವಾಗುವ ತೊಂದರೆ ತಳಿಯಲ್ಲೇ ಇದೆ. ಉಣುಗು, ಅಂದರೆ ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಎರ್ಲಿಕಿಯ ಜ್ವರ ಬೇರೆ ನಾಯಿಗಳಿಗಿಂತ ಇದಕ್ಕೆ ಜೋರಾಗಿ ಹೊಡೆಯುತ್ತದೆ. ಆ ಜ್ವರದಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣಗಳು ಇಳಿದು ಮೂಗಿನಲ್ಲಿ ರಕ್ತ ಬರುವುದೂ ಉಂಟು. ಉಣುಗು ಎಣಿಸಲಾಗದಷ್ಟಿರುವ ನಮ್ಮ ಬೆಟ್ಟಗಳಲ್ಲಿ ಇದು ಸಣ್ಣ ವಿಷಯ ಅಲ್ಲ.

ಮುಧೋಳ ನಾಯಿ ನಮ್ಮದೇ ಅಲ್ವಾ, ಅದನ್ನೇ ತರೋಣ ಅನ್ನುವವರೂ ಇದ್ದಾರೆ. ಹೆಮ್ಮೆ ಸರಿಯೇ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. 2016ರಲ್ಲಿ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೂ ಹೋದವು. ಆದರೆ ಅದು ಕಣ್ಣಿನಿಂದ ಬೇಟೆ ಕಂಡು ಅಟ್ಟಿಸಿ ಹಿಡಿಯುವ ನಾಯಿ. ಬಾಗಲಕೋಟೆಯ ಒಣ ಬಯಲಿನಲ್ಲಿ ಓಡಲು ಆದ ಮೈ. ತೆಳು ಚರ್ಮ, ಗಿಡ್ಡ ಕೂದಲು, ಮೈಯಲ್ಲಿ ಕೊಬ್ಬೇ ಇಲ್ಲ. ಆಷಾಢದ ಮಳೆಯಲ್ಲಿ ನಡುಗುತ್ತದೆ. ಅಡಿಕೆ ತೋಟದ ಅಗಳ ದಾಟಿ ಎಲ್ಲಿ ಓಡುತ್ತದೆ? ಅದರ ಓಟಕ್ಕೆ ಸಿಗುವುದು ಮನೆಯ ಬೆಕ್ಕು, ಪಕ್ಕದೂರಿನ ಕೋಳಿ.

ಲ್ಯಾಬ್ರಡಾರ್ ಕಾವಲಿಗೆ ಬರುವುದಿಲ್ಲ ಅಂತ ನಗುತ್ತಾರೆ. ಕಳ್ಳನಿಗೆ ಅಡಿಕೆ ಅಟ್ಟ ತೋರಿಸುತ್ತದೆ ಅಂತ ತಮಾಷೆ. ಆದರೂ ಅದರ ದನಿ ದಪ್ಪ. ಕತ್ತಲಲ್ಲಿ ನಿಂತವನಿಗೆ ಅದರ ಒಳ್ಳೆ ಸ್ವಭಾವ ಕಾಣುವುದಿಲ್ಲ. ತೊಂದರೆ ಇರುವುದು ಬೇರೆ ಕಡೆ. ಹಸಿವನ್ನು ಅಡಗಿಸುವ ಒಂದು ಜೀನ್‌ನಲ್ಲಿ ತುಂಡೊಂದು ಬಿಟ್ಟುಹೋಗಿರುವುದನ್ನು ಕೇಂಬ್ರಿಜ್‌ನ ಸಂಶೋಧಕರು 2016ರಲ್ಲಿ ತೋರಿಸಿದರು. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್‌ಗೆ ಹೀಗಿರುತ್ತದೆ. ಎಷ್ಟು ಹಾಕಿದರೂ ಇನ್ನೂ ಬೇಕು. ಅಮ್ಮ ಪಾಪ ಅಂತ ಅನ್ನ ಮಜ್ಜಿಗೆ ಹಾಕುತ್ತಲೇ ಇರುತ್ತಾರೆ. ಎರಡು ವರ್ಷಕ್ಕೆ ಮೆಟ್ಟಿಲು ಹತ್ತಲು ಆಗದ ನಾಯಿ ತಯಾರು. ಜೋತುಬಿದ್ದ ಕಿವಿಯೊಳಗೆ ಗಾಳಿ ಆಡದೆ, ಮಳೆಗಾಲದ ನಾಲ್ಕು ತಿಂಗಳೂ ಕಿವಿ ಕೆರೆದುಕೊಳ್ಳುವುದು ಬೇರೆ.

ಹವೆಯ ಲೆಕ್ಕ ಇಲ್ಲಿ ಬಹಳ ಮುಖ್ಯ. ಕಾರವಾರ, ಕುಮಟಾ, ಹೊನ್ನಾವರದ ಕಡೆಯಂತೂ ಇನ್ನೂ ಹೆಚ್ಚು. ನಾಯಿಗೆ ಬೆವರುವ ಗ್ರಂಥಿ ಕೆಲಸಕ್ಕೆ ಬರುವಷ್ಟು ಇರುವುದು ಪಾದದಲ್ಲಿ ಮಾತ್ರ. ಮೈ ತಣಿಸಿಕೊಳ್ಳುವುದು ನಾಲಿಗೆ ಚಾಚಿ ಏದುಸಿರು ಬಿಟ್ಟು. ಬಾಯಿ, ಮೂಗಿನ ತೇವ ಆರುವಾಗ ಮೈಯ ಬಿಸಿಯನ್ನು ಜೊತೆಗೆ ಒಯ್ಯುತ್ತದೆ. ಗಾಳಿಯೇ ನೀರು ಕುಡಿದಷ್ಟು ಒದ್ದೆಯಾಗಿದ್ದರೆ ತೇವ ಆರುವುದೆಲ್ಲಿ? ಮೇ ತಿಂಗಳ ಕಾರವಾರದಲ್ಲಿ ನಾವು ಫ್ಯಾನ್ ಕೆಳಗೆ ಕೂತರೂ ಅಂಗಿ ಅಂಟಿಕೊಳ್ಳುತ್ತದಲ್ಲ, ಕಾರಣ ಅದೇ. ಅಂಥಲ್ಲಿ ಹಸ್ಕಿ, ಸೇಂಟ್ ಬರ್ನಾರ್ಡ್ ಸಾಕುವುದು ನಾಯಿಗೆ ಶಿಕ್ಷೆ. ಮೂಗು ಮೊಂಡಾದ ಬಾಕ್ಸರ್, ಬುಲ್‌ಡಾಗ್‌ಗಳಿಗೆ ಉಸಿರಾಟದ ದಾರಿಯೇ ಕಿರಿದು. ಅವೂ ಬೇಡ.

ಈ ಎಲ್ಲಾ ಪರೀಕ್ಷೆಯಲ್ಲಿ ಪಾಸಾಗಿ ನಿಂತ ಒಂದು ನಾಯಿ ಇದೆ. ಅದಕ್ಕೆ ನಾವು ಮರ್ಯಾದೆ ಕೊಡದೆ ಕಂತ್ರಿ ನಾಯಿ ಅನ್ನುತ್ತೇವೆ. ಅದನ್ನು ಯಾರೂ ಜೋಡಿ ಹುಡುಕಿ ಬೆಳೆಸಿದ್ದಲ್ಲ. ಮಳೆ, ಉಣುಗು, ಸೆಖೆ, ಹಸಿವು ಇವುಗಳಿಗೆ ತಡೆಯದವು ಸತ್ತವು, ತಡೆದವು ಮರಿ ಹಾಕಿದವು. ಗಿಡ್ಡ ಕೂದಲು, ಹೆಚ್ಚಿನವಕ್ಕೆ ನೆಟ್ಟ ಕಿವಿ, ಹದವಾದ ಗಾತ್ರ. ಅಪರಿಚಿತರೆಂದರೆ ಅನುಮಾನ, ಮನೆಯವರೆಂದರೆ ಜೀವ. ಒಂದು ಏಟು ಎಳೆದರೂ ಅಮ್ಮ ಹಿಡಿದು ನಿಲ್ಲಿಸಬಹುದು. ಹೊಸಬರು ನನ್ನನ್ನು ಕೇಳಿದರೆ ಊರ ನಾಯಿಯ ಹೆಣ್ಣುಮರಿ ಅನ್ನುತ್ತೇನೆ. ಸಂತಾನಹರಣ ಮಾಡಿಸಿದರೆ ವರ್ಷಕ್ಕೆ ಎರಡು ಸಲ ಊರ ಗಂಡುನಾಯಿಗಳೆಲ್ಲ ಅಂಗಳದಲ್ಲಿ ಸೇರುವ ರಗಳೆಯೂ ಇಲ್ಲ. ಕಾವಲಿಗೇನೂ ಕಡಿಮೆಯಾಗುವುದಿಲ್ಲ.

ಇನ್ನು ಚಿರತೆ. ನಾಯಿ ಮನೆ ಕಾಯಲಿ ಅಂತ ರಾತ್ರಿ ಅಂಗಳದಲ್ಲಿ ಕಟ್ಟಿಹಾಕುವುದು ನಮ್ಮಲ್ಲಿ ರೂಢಿ. ಬೆಳಿಗ್ಗೆ ಸರಪಳಿ ಮಾತ್ರ ಸಿಕ್ಕಿದ ಮನೆಗಳು ಪ್ರತಿ ಊರಲ್ಲೂ ಇವೆ. ಮಹಾರಾಷ್ಟ್ರದ ಅಹ್ಮದ್‌ನಗರ (ಈಗ ಅಹಿಲ್ಯಾನಗರ) ಜಿಲ್ಲೆಯ ಊರುಗಳ ಸುತ್ತ ಚಿರತೆಯ ಹಿಕ್ಕೆ ಪರೀಕ್ಷಿಸಿದ ವಿದ್ಯಾ ಅತ್ರೇಯ ಮತ್ತು ಜೊತೆಗಾರರು, ಅದು ತಿಂದ ಮಾಂಸದ ತೂಕದಲ್ಲಿ 39 ಶೇಕಡ ನಾಯಿಯದ್ದೇ ಎಂದು ಲೆಕ್ಕ ಹಾಕಿದ್ದರು. ದೊಡ್ಡ ಜಾತಿ ತಂದರೆ ಚಿರತೆ ಹೆದರುತ್ತದೆ ಅನ್ನುವುದು ಭ್ರಮೆ. ಕಟ್ಟಿದ ನಾಯಿ ಎಷ್ಟು ದೊಡ್ಡದಾದರೂ ಓಡಲಾರದು, ತಿರುಗಿ ಬೀಳಲಾರದು. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾಯಿ ಜಗಲಿಯ ಗ್ರಿಲ್ ಒಳಗೋ, ಮೇಲೆ ತಗಡು ಸುತ್ತ ಗಟ್ಟಿ ಜಾಲರಿ ಇರುವ ಗೂಡಿನೊಳಗೋ ಇರಬೇಕು. ಒಳಗಿದ್ದರೆ ಕಾವಲು ಹೇಗೆ ಅನ್ನಬೇಡಿ. ನಮಗೆ ಕೇಳದ ಸಣ್ಣ ಸಪ್ಪಳವೂ ಅದಕ್ಕೆ ಕೇಳುತ್ತದೆ. ಕೀರಲು ದನಿ ಕೇಳುವುದರಲ್ಲಿ ನಮ್ಮ ಕಿವಿ ಸೆಕೆಂಡಿಗೆ 20,000 ಕಂಪನಕ್ಕೆ (ಹರ್ಟ್ಸ್) ನಿಂತರೆ ಅದರದ್ದು 45,000ದ ತನಕ ಹೋಗುತ್ತದೆ. ತರಗೆಲೆಯ ಮೇಲೆ ಕಾಲಿಟ್ಟವನು ದಣಪೆ ಮುಟ್ಟುವ ಮೊದಲೇ ಅದು ತಲೆ ಎತ್ತಿರುತ್ತದೆ.

ಹಗಲೆಲ್ಲ ಕಟ್ಟಿಹಾಕುವುದಕ್ಕೂ ಇನ್ನೊಂದು ಮುಖ ಇದೆ. ಕಟ್ಟಿದರೆ ನಾಯಿ ಜೋರಾಗುತ್ತದೆ ಅಂತ ಹಿರಿಯರು ಹೇಳುತ್ತಾರೆ. ಅದರಲ್ಲಿ ಸತ್ಯ ಇರುವಂತಿದೆ. ಅಮೆರಿಕದ ಡೆನ್ವರ್‌ನಲ್ಲಿ ಕಚ್ಚಿದ ನಾಯಿಗಳನ್ನೂ ಕಚ್ಚದ ನಾಯಿಗಳನ್ನೂ ಹೋಲಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಚ್ಚಿದವುಗಳಲ್ಲಿ ಅಂಗಳದಲ್ಲಿ ಸರಪಳಿ ಹಾಕಿದವು ಮತ್ತು ಬೀಜ ಒಡೆಸದ ಗಂಡುನಾಯಿಗಳು ಹೆಚ್ಚಿದ್ದವು. ಜೋರಿರುವ ನಾಯಿಯನ್ನೇ ಜನ ಕಟ್ಟುತ್ತಾರೆ ಅನ್ನುವ ವಾದವೂ ಇದೆ, ಒಪ್ಪೋಣ. ಆದರೆ ಆ ಜೋರು ಬೀಳುವುದು ಕಳ್ಳನ ಮೇಲಲ್ಲ. ಪಕ್ಕದ ಮನೆ ಮಗುವಿನ ಮೇಲೆ, ಕರೆಂಟ್ ಬಿಲ್ ಕೊಡಲು ಬಂದವರ ಮೇಲೆ. ನಿರ್ಲಕ್ಷ್ಯದಿಂದ ಸಾಕುಪ್ರಾಣಿ ಬೇರೆಯವರಿಗೆ ಗಾಯ ಮಾಡುವಂತಾದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಇದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೀಲರ್ ಸೇರಿ 23 ತಳಿಗಳನ್ನು ನಿಷೇಧಿಸಲು ಸೂಚಿಸಿತ್ತು. ಸಂಬಂಧಪಟ್ಟವರ ಮಾತು ಕೇಳಿಲ್ಲ ಅಂತ ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಆ ಸುತ್ತೋಲೆಯನ್ನು ರದ್ದು ಮಾಡಿತು. ಜಾತಿ ಯಾವುದೇ ಇರಲಿ, ಜವಾಬ್ದಾರಿ ಸಾಕಿದವರದ್ದೇ.

ಉಣುಗಿನ ವಿಷಯ ಮತ್ತೊಮ್ಮೆ ಹೇಳಬೇಕು. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡಿದ್ದು ಸೊರಬದ ಕ್ಯಾಸನೂರು ಕಾಡಿನಲ್ಲಿ, ಸಿದ್ದಾಪುರದ ಮಗ್ಗುಲಲ್ಲೇ. ಅದನ್ನು ಹರಡುವುದು ಕಾಡಿನ ಉಣುಗು. ಬೆಟ್ಟ ಸುತ್ತಿ ಬಂದ ನಾಯಿ ಮೈಮೇಲೆ ಉಣುಗು ಹೊತ್ತು ತರಬಹುದು. ಪಶುವೈದ್ಯರು ಹೇಳಿದ ಔಷಧ ಹಾಕಿ, ಸಂಜೆ ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ನೋಡುವುದು ಅಭ್ಯಾಸವಾಗಬೇಕು. ಉದ್ದ ಕೂದಲಿನ ನಾಯಿಯಲ್ಲಿ ಈ ಕೆಲಸ ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು.

ಕೊನೆಗೆ ಮರಿ ಯಾವಾಗ ತರಬೇಕು ಅನ್ನುವುದು. ಜಾತಿಗಿಂತ ಇದೇ ಹೆಚ್ಚು ಮುಖ್ಯ ಅಂದರೂ ತಪ್ಪಿಲ್ಲ. ಅಮೆರಿಕದ ಮೇನ್ ರಾಜ್ಯದಲ್ಲಿ ಬೇಲಿ ಹಾಕಿದ ಬಯಲಿನಲ್ಲಿ ಮನುಷ್ಯರ ಸಹವಾಸವೇ ಇಲ್ಲದೆ ಮರಿಗಳನ್ನು ಬೆಳೆಸಿ ನೋಡಿದ ಪ್ರಯೋಗ 1961ರಲ್ಲಿ ಪ್ರಕಟವಾಯಿತು. ಸಾಧು ಜಾತಿಯ ಕಾಕರ್ ಸ್ಪೇನಿಯಲ್, ಬೀಗಲ್ ಮರಿಗಳೇ ಅವು. 14 ವಾರ ಮನುಷ್ಯರನ್ನು ಮುಟ್ಟದೆ ಬೆಳೆದವು ಕಾಡುಪ್ರಾಣಿಯಂತೆ ಬೆದರಿದವು. ಮೂರರಿಂದ ಹನ್ನೆರಡು ವಾರದ ಒಳಗೆ ಕಂಡಿದ್ದನ್ನು ನಾಯಿ ಲೋಕದ ಸಹಜ ಭಾಗ ಅಂತ ಒಪ್ಪಿಕೊಳ್ಳುತ್ತದೆ. ಆಮೇಲೆ ಕಂಡಿದ್ದೆಲ್ಲ ಅನುಮಾನದ್ದು.

ಒಂಟಿ ಮನೆಗೆ ಜೂನ್‌ನಲ್ಲಿ ಮರಿ ತಂದರೆ ಆ ವಾರಗಳೆಲ್ಲ ಮಳೆಯಲ್ಲಿ ಕಳೆಯುತ್ತವೆ. ಬರುವವರಿಲ್ಲ, ಹೋಗುವವರಿಲ್ಲ. ಬೆಳೆದ ಮೇಲೆ ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ದೋಟಿ ಹಿಡಿದು ಬಂದರೆ ಅದರ ಕಣ್ಣಿಗೆ ಅವನೂ ಕಳ್ಳನೇ. ಮರಿಯನ್ನು ಪೇಟೆಗೆ ಒಯ್ದು ಬೀದಿಯಲ್ಲಿ ಬಿಟ್ಟು ಜನ ತೋರಿಸುವಂತೆಯೂ ಇಲ್ಲ. ಲಸಿಕೆ ಪೂರ್ತಿಯಾಗದ ಮರಿಗೆ ಮಣ್ಣಿನಿಂದಲೇ ಪಾರ್ವೊ ಎಂಬ ವೈರಸ್ ಕಾಯಿಲೆ ಅಂಟಬಹುದು. ಅದಕ್ಕೇ ಎಂಟು ವಾರದ ಮರಿಯನ್ನು ಅಡಿಕೆಯ ಕೊನೆ (ಗೊನೆ) ಕೊಯ್ಲು ಶುರುವಾಗುವ ಹೊತ್ತಿಗೆ ತನ್ನಿ. ಆಗ ಜನರೇ ಮನೆಗೆ ಬರುತ್ತಾರೆ. ಅಡಿಕೆ ಸುಲಿಯಲು ಬಂದ ಹೆಂಗಸರು ರಾತ್ರಿ ಹತ್ತರ ತನಕ ಅಂಗಳದಲ್ಲಿ ಕೂತಿರುತ್ತಾರೆ. ಜೀಪು ಬರುತ್ತದೆ, ಚೀಲ ಹೊರುವವರು ಬರುತ್ತಾರೆ, ಮಕ್ಕಳು ಓಡಾಡುತ್ತಾರೆ. ಮರಿ ಅವರ ತೊಡೆಯ ಮೇಲೆ ಮಲಗಿ, ಸಿಪ್ಪೆಯ ರಾಶಿಯಲ್ಲಿ ಹೊರಳಿ ಒಂದು ತಿಂಗಳು ಕಳೆಯಲಿ. ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆ ಹಾಕಿಸಿ. ವರ್ಷ ತುಂಬುವಷ್ಟರಲ್ಲಿ ಯಾರು ಹಗಲಲ್ಲಿ ಬರುವವರು, ಯಾರು ರಾತ್ರಿಯಲ್ಲಿ ಬರಬಾರದವರು ಅನ್ನುವುದು ಅದಕ್ಕೆ ಗೊತ್ತಾಗಿರುತ್ತದೆ.