ಅಮೆರಿಕದ ಲೈಬ್ರರಿಯಲ್ಲಿ ಹಾಕಿಸಿದ ನೋಟರಿ ಸೀಲ್ ಬೆಂಗಳೂರಲ್ಲಿ ನಡೆಯುತ್ತಾ?

ಪ್ರಶ್ನೆ: ನನ್ನ ಮಗಳು ಟೆಕ್ಸಾಸ್‌ನಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಯಲಹಂಕದಲ್ಲಿ ಅವಳ ಹೆಸರಿನ ಸೈಟ್ ಒಂದನ್ನು ಮಾರಬೇಕು. ಅದಕ್ಕೆ ಅವಳು ನನಗೆ ಪವರ್ ಆಫ್ ಅಟಾರ್ನಿ ಕೊಡಬೇಕಂತೆ. ಅವಳ ಯೂನಿವರ್ಸಿಟಿ ಲೈಬ್ರರಿಯಲ್ಲೇ ನೋಟರಿ ಇದ್ದಾರೆ, ದುಡ್ಡೂ ತಗೊಳ್ಳಲ್ಲ ಅಂತಾಳೆ. ಲೈಬ್ರರಿಯ ಸೀಲ್ ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನಡೆಯುತ್ತದಾ?

ಉತ್ತರ: ನಡೆಯುತ್ತದೆ. ಆದರೆ ಸೀಲ್ ಬಿದ್ದ ಮೇಲೆ ಇನ್ನೂ ಎರಡು ಕೆಲಸ ಉಳಿದಿರುತ್ತವೆ. ಒಂದು ಅಮೆರಿಕದಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ. ಕಾಗದ ವಾಪಸ್ ಬರುವುದು ಸಾಮಾನ್ಯವಾಗಿ ಈ ಎರಡರಲ್ಲಿ ಒಂದು ಬಿಟ್ಟುಹೋದಾಗ. ಲೈಬ್ರರಿಯ ತಪ್ಪು ಅದರಲ್ಲಿ ಏನೂ ಇರುವುದಿಲ್ಲ.

ನಿಮ್ಮ ಅನುಮಾನ ಎಲ್ಲಿಂದ ಬಂತು ಅನ್ನೋದು ಅರ್ಥವಾಗುತ್ತದೆ. ನಮ್ಮಲ್ಲಿ ನೋಟರಿ ಅಂದರೆ ವಕೀಲರು. 1952ರ ನೋಟರಿ ಕಾಯ್ದೆಯ ಕೆಳಗೆ ಸರ್ಕಾರ ನೇಮಿಸಿದವರು. ಸಾಮಾನ್ಯವಾಗಿ ಹತ್ತು ವರ್ಷ ವಕೀಲಿಕೆ ಮಾಡಿರಬೇಕು. ಮೇಯೋ ಹಾಲ್ ಹತ್ತಿರವೋ ಸಿಟಿ ಸಿವಿಲ್ ಕೋರ್ಟ್ ಹತ್ತಿರವೋ ಹುಡುಕಿಕೊಂಡು ಹೋಗುತ್ತೇವೆ. ಜ್ಞಾನಭಾರತಿಯ ಲೈಬ್ರರಿಗೆ ಹೋಗಿ ನೋಟರಿ ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ನೋಟರಿ ಆಗಲು ವಕೀಲರೇ ಆಗಿರಬೇಕಿಲ್ಲ. ಆಯಾ ರಾಜ್ಯ ಸರ್ಕಾರ ಅರ್ಜಿ ನೋಡಿ ನೇಮಿಸುತ್ತದೆ. ಬ್ಯಾಂಕ್ ಗುಮಾಸ್ತರೂ ಆಗಿರಬಹುದು, ಲೈಬ್ರರಿ ಸಿಬ್ಬಂದಿಯೂ ಆಗಿರಬಹುದು. ಲೈಬ್ರರಿಯಲ್ಲಿ ಕೂತ ನೋಟರಿಗೂ ಬೇರೆ ಕಡೆ ಕೂತ ನೋಟರಿಗೂ ಕಾನೂನಿನಲ್ಲಿ ವ್ಯತ್ಯಾಸ ಇಲ್ಲ.

ಆ ಸೀಲ್ ಹೇಳುವುದು ಇಷ್ಟೇ: ಈ ಹೆಸರಿನವರು ನನ್ನ ಮುಂದೆ ಬಂದರು, ಗುರುತಿನ ಚೀಟಿ ನೋಡಿದ್ದೇನೆ, ಸಹಿ ಅವರದೇ. ಪತ್ರದಲ್ಲಿ ಬರೆದದ್ದು ಸರಿಯೋ ತಪ್ಪೋ ಅವರು ನೋಡುವುದಿಲ್ಲ. ಹಾಗಾಗಿ ಡ್ರಾಫ್ಟ್ ಇಲ್ಲಿಂದಲೇ ಸರಿಯಾಗಿ ಹೋಗಬೇಕು. ನನ್ನ ಮಟ್ಟಿಗೆ ಇಡೀ ವ್ಯವಹಾರದಲ್ಲಿ ಜಾಸ್ತಿ ಗಮನ ಕೊಡಬೇಕಾದ್ದು ಇಲ್ಲೇ. ಈ ಒಂದು ಸೈಟ್ ಮಾರಲು ಮಾತ್ರ ಅಧಿಕಾರ ಕೊಡುವ ಸ್ಪೆಷಲ್ ಪವರ್ ಆಫ್ ಅಟಾರ್ನಿ ಮಾಡಿಸಿ. ಎಲ್ಲದಕ್ಕೂ ಅಧಿಕಾರ ಕೊಡುವ ಜನರಲ್ ಪವರ್ ಆಫ್ ಅಟಾರ್ನಿ (ಜಿಪಿಎ) ಬೇಡ. ಷೆಡ್ಯೂಲ್‌ನಲ್ಲಿ ಸೈಟ್ ನಂಬರ್, ಅಳತೆ, ಚೆಕ್ಕುಬಂದಿ ಕ್ರಯಪತ್ರದಲ್ಲಿ ಇದ್ದ ಹಾಗೇ ಇರಲಿ. ಮಾರುವುದು, ಕ್ರಯಪತ್ರಕ್ಕೆ ಸಹಿ ಹಾಕುವುದು, ಸಬ್ ರಿಜಿಸ್ಟ್ರಾರ್ ಮುಂದೆ ಹಾಜರುಪಡಿಸುವುದು, ಹಣ ಪಡೆಯುವುದು, ಇವೆಲ್ಲ ಬೇರೆ ಬೇರೆಯಾಗಿ ಬರೆದಿರಬೇಕು. "ಮಾರಲು" ಅಂತ ಮಾತ್ರ ಇದ್ದು "ನೋಂದಣಿಗೆ ಹಾಜರುಪಡಿಸಲು" ಅಂತ ಇಲ್ಲದಿದ್ದರೆ ಕೌಂಟರಿನಲ್ಲೇ ತಕರಾರು ಬರುತ್ತದೆ.

ಹೆಸರಿನ ವಿಷಯ ಇನ್ನೂ ನಾಜೂಕು. ನಮ್ಮ ಕಡೆ ಕ್ರಯಪತ್ರದಲ್ಲಿ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಬಂದಿರುತ್ತದೆ, ಇ-ಖಾತಾದಲ್ಲಿ ಮೂರನೇ ತರಹ. ನೋಟರಿ ನೋಡುವುದು ಪಾಸ್‌ಪೋರ್ಟನ್ನು, ಸಬ್ ರಿಜಿಸ್ಟ್ರಾರ್ ನೋಡುವುದು ಖಾತಾ ಮತ್ತು ಕ್ರಯಪತ್ರವನ್ನು. ಪಾಸ್‌ಪೋರ್ಟ್‌ನ ಹೆಸರನ್ನು ಮೊದಲು ಬರೆದು, "ಕ್ರಯಪತ್ರದಲ್ಲಿ ಇಂಥ ಹೆಸರಿನಿಂದ ನಮೂದಾಗಿರುವವರು" ಎಂದು ಸೇರಿಸಿ. ಪಾಸ್‌ಪೋರ್ಟ್ ನಂಬರನ್ನೂ ಹಾಕಿ. ಪತ್ರ ಇಂಗ್ಲಿಷ್‌ನಲ್ಲಿರಲಿ. ಕನ್ನಡದ ಪತ್ರ ತಗೊಂಡು ಹೋದರೆ, ತನಗೆ ಓದಲು ಬಾರದ ಕಾಗದ ಅಂತ ಅಲ್ಲಿಯ ನೋಟರಿ ನಿರಾಕರಿಸಬಹುದು. ಕಳಿಸುವ ಮೊದಲು ಡ್ರಾಫ್ಟನ್ನು ನಿಮ್ಮ ವಕೀಲರಿಗೂ, ಸಾಧ್ಯವಾದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೂ ತೋರಿಸಿಬಿಡಿ. ಸೈಟ್ ಕೊಳ್ಳುವವರು ಬ್ಯಾಂಕ್ ಸಾಲ ತಗೊಳ್ಳುತ್ತಿದ್ದರೆ ಆ ಬ್ಯಾಂಕಿನ ವಕೀಲರಿಗೂ ತೋರಿಸಿ.

ಇನ್ನು ಮಗಳಿಗೆ ಹೇಳಬೇಕಾದ್ದು. ಲೈಬ್ರರಿಯ ಸೇವೆ ಹಲವು ಕಡೆ ವಿದ್ಯಾರ್ಥಿಗಳಿಗೆ, ಸಿಬ್ಬಂದಿಗೆ ಮಾತ್ರ. ಮೊದಲೇ ಸಮಯ ಗೊತ್ತು ಮಾಡಿಕೊಳ್ಳಬೇಕಾಗಬಹುದು. ಆಸ್ತಿ ಪತ್ರಗಳನ್ನು ಮುಟ್ಟುವುದಿಲ್ಲ ಅನ್ನುವ ನಿಯಮ ಇಟ್ಟುಕೊಂಡ ಕಡೆಗಳೂ ಉಂಟು, ಕೇಳಿಕೊಂಡೇ ಹೋಗಲಿ. ಪಾಸ್‌ಪೋರ್ಟ್ ಜೊತೆಗಿರಲಿ. ಮುಖ್ಯವಾಗಿ, ಮನೆಯಲ್ಲೇ ಸಹಿ ಹಾಕಿಕೊಂಡು ಹೋಗಬಾರದು. ಹೊರದೇಶದಲ್ಲಿ ಇರುವವರ ಪವರ್ ಆಫ್ ಅಟಾರ್ನಿ ನೋಟರಿಯಂಥ ಅಧಿಕಾರಿಯ ಮುಂದೆಯೇ ಸಹಿಯಾಗಿ, ಅವರಿಂದಲೇ ದೃಢೀಕರಣ ಆಗಿರಬೇಕು ಎಂದು ನಮ್ಮ 1908ರ ನೋಂದಣಿ ಕಾಯ್ದೆಯ 33ನೇ ಕಲಂ ಹೇಳುತ್ತದೆ. ಪ್ರತಿ ಪುಟಕ್ಕೂ ಸಹಿ ಇರಲಿ, ಫೋಟೋ ಅಂಟಿಸಿ ಅದರ ಮೇಲೂ ಸಹಿ ಬರಲಿ. ಸಾಕ್ಷಿಗೆ ಇಬ್ಬರು ಸ್ನೇಹಿತರನ್ನು ಕರೆದುಕೊಂಡು ಹೋದರೆ ಒಳ್ಳೆಯದು, ಯಾಕೆಂದರೆ ಲೈಬ್ರರಿಯವರು ಸಾಮಾನ್ಯವಾಗಿ ಸಾಕ್ಷಿ ಸಹಿ ಹಾಕುವುದಿಲ್ಲ. ವಿಡಿಯೋ ಕಾಲ್‌ನಲ್ಲಿ ನೋಟರಿ ಮಾಡುವ ಪದ್ಧತಿ ಅಲ್ಲಿ ಈಗ ಬಂದಿದೆ. ಆಸ್ತಿ ವಿಷಯಕ್ಕೆ ಅದು ಬೇಡ, ಎದುರಿಗೆ ಕೂತೇ ಮಾಡಿಸಲಿ.

ಆಮೇಲೆ ಅಪೋಸ್ಟಿಲ್. ಟೆಕ್ಸಾಸ್‌ನ ಒಂದು ಲೈಬ್ರರಿಯಲ್ಲಿ ಸೀಲ್ ಹಾಕಿದವರು ನಿಜವಾದ ನೋಟರಿಯೇ ಅನ್ನೋದು ಯಲಹಂಕದ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಈ ಏರ್ಪಾಡು. ನೋಟರಿಯನ್ನು ನೇಮಿಸಿದ ರಾಜ್ಯವೇ, ಈ ಸಹಿ ಮತ್ತು ಸೀಲ್ ನಮ್ಮ ನೋಟರಿಯದೇ ಎಂದು ಒಂದು ಪ್ರಮಾಣಪತ್ರ ಲಗತ್ತಿಸುತ್ತದೆ. ಹೇಗ್ ಒಪ್ಪಂದದ ಪ್ರಕಾರ ಸದಸ್ಯ ದೇಶಗಳು ಅದನ್ನು ಒಪ್ಪಬೇಕು. ಅಮೆರಿಕಕ್ಕೆ ಇದು 1981ರಿಂದ, ಭಾರತಕ್ಕೆ 2005ರಿಂದ ಅನ್ವಯ. ಟೆಕ್ಸಾಸ್‌ನಲ್ಲಾದರೆ ಆಸ್ಟಿನ್‌ನಲ್ಲಿರುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ ಕೊಡುತ್ತದೆ, ಅಂಚೆಯಲ್ಲೂ ಕಳಿಸಬಹುದು. ನ್ಯೂಯಾರ್ಕ್‌ನಂಥ ಕಡೆ ಮೊದಲು ಕೌಂಟಿ ಕ್ಲರ್ಕ್ ಹತ್ತಿರ ಹೋಗಬೇಕು. ಅಪೋಸ್ಟಿಲ್ ಬದಲು ಭಾರತೀಯ ಕಾನ್ಸುಲೇಟಿನ ದೃಢೀಕರಣವೂ ನಡೆಯುತ್ತದೆ. ಕೆಲವು ಬ್ಯಾಂಕುಗಳು ಅದೇ ಬೇಕು ಅನ್ನುತ್ತವೆ.

ಕೊನೆಯ ಕೆಲಸ ನಿಮ್ಮದು, ಇದಕ್ಕೆ ಗಡುವು ಇದೆ. ಹೊರದೇಶದಲ್ಲಿ ಸಹಿಯಾದ ಪತ್ರಕ್ಕೆ ಕರ್ನಾಟಕದ ಮುದ್ರಾಂಕ ಶುಲ್ಕ ಕಟ್ಟಿರುವುದಿಲ್ಲ, ಅಲ್ವಾ? 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ 18ನೇ ಕಲಂ ಪ್ರಕಾರ, ಪತ್ರ ರಾಜ್ಯಕ್ಕೆ ಬಂದ ಮೂರು ತಿಂಗಳೊಳಗೆ ಅದನ್ನು ಕಟ್ಟಿಸಬೇಕು. ಇದಕ್ಕೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಹೋಗಬೇಕು, ಸಬ್ ರಿಜಿಸ್ಟ್ರಾರ್ ಹತ್ತಿರ ಅಲ್ಲ. ಬೆಂಗಳೂರು ನಗರದಲ್ಲಿ ಜಯನಗರ, ಬಸವನಗುಡಿ, ಶಿವಾಜಿನಗರ, ಗಾಂಧಿನಗರ, ರಾಜಾಜಿನಗರ ಎಂದು ಐದು ನೋಂದಣಿ ಜಿಲ್ಲೆಗಳಿವೆ. ನಿಮ್ಮ ಸೈಟ್ ಯಾವುದಕ್ಕೆ ಸೇರಿದೆ ಎಂದು ನಿಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕೇಳಿಕೊಳ್ಳಿ. ಮೂಲ ಪತ್ರವೇ ಬೇಕು, ವಾಟ್ಸಾಪ್‌ನಲ್ಲಿ ಬಂದ ಸ್ಕ್ಯಾನ್ ಆಗುವುದಿಲ್ಲ. ಕೊರಿಯರ್ ಬಂದ ಕವರನ್ನು ಮಾತ್ರ ದಯವಿಟ್ಟು ಬಿಸಾಡಬೇಡಿ. ಪತ್ರ ನಿಮ್ಮ ಕೈಗೆ ಯಾವತ್ತು ಬಂತು ಅನ್ನೋದಕ್ಕೆ ಅದರ ಮೇಲಿನ ತಾರೀಖೇ ಸಾಕ್ಷಿ. ಎಷ್ಟೋ ಮನೆಗಳಲ್ಲಿ ಪತ್ರವನ್ನು ಬೀರುವಿನಲ್ಲಿ ಜೋಪಾನವಾಗಿ ಇಟ್ಟು, ಕೊಳ್ಳುವವರು ಸಿಕ್ಕಾಗ ಹೊರಗೆ ತೆಗೆಯುತ್ತಾರೆ. ಅಷ್ಟೊತ್ತಿಗೆ ಮೂರು ತಿಂಗಳು ಕಳೆದು ದಂಡದ ಮಾತು ಶುರುವಾಗಿರುತ್ತದೆ. ಕೊಳ್ಳುವವರು ಇನ್ನೂ ಸಿಗದಿದ್ದರೂ ಶುಲ್ಕ ಕಟ್ಟಿಸಿ ಇಟ್ಟುಬಿಡಿ.