ಬೆಳ್ಳಿ ಓಗೊಡುವ ಬಗೆ

ಮೆಟಲ್ ಡಿಟೆಕ್ಟರಿನ ಹೆಡ್‌ಫೋನಿನಲ್ಲಿ ಅರ್ಧ ಗಂಟೆಯಿಂದ ಬರೀ ಗೊರಗೊರ. ಮೊಳೆ, ತುಕ್ಕು ಹಿಡಿದ ತಂತಿ, ಮತ್ತೊಂದು ಮೊಳೆ. ತೋಳು ಸೋತು, ಇವತ್ತಿಗೆ ಸಾಕು ಅನ್ನುವ ಹೊತ್ತಿಗೆ ಒಂದು ಸ್ವರ ಕೇಳುತ್ತದೆ. ಎತ್ತರದ್ದು, ದುಂಡಗಿನದು, ಎಲ್ಲೂ ಬಿರುಕಿಲ್ಲದ್ದು. ಕೋಲಿನ ತುದಿಯ ತಟ್ಟೆಯನ್ನು, ಅಂದರೆ ಕಾಯಿಲನ್ನು, ಎಡದಿಂದ ಬಲಕ್ಕೆ ಬೀಸಿದರೂ ಅದೇ, ಬಲದಿಂದ ಎಡಕ್ಕೆ ಬೀಸಿದರೂ ಅದೇ. ಕಾಲು ಸುತ್ತು ತಿರುಗಿ ನಿಂತು ಅಡ್ಡಲಾಗಿ ಬೀಸಿದರೂ ಅದು ಕದಲುವುದಿಲ್ಲ. ಮೊಣಕಾಲೂರಿ, ಹುಲ್ಲಿನ ಹೆಂಟೆಯನ್ನು ಬಿಲ್ಲೆಯಂತೆ ಕೊಯ್ದು ಮಗುಚಿಟ್ಟು, ಗುಂಡಿಯೊಳಗೆ ಬೆರಳಾಡಿಸಿದರೆ, ಕಪ್ಪು ಮಣ್ಣಿನ ಗೋಡೆಯಲ್ಲಿ ಉಗುರಿನ ಅಂಚಿನಷ್ಟು ತೆಳ್ಳನೆಯ ಬಿಳಿ ಗೆರೆ: ಬೆಳ್ಳಿ ನಾಣ್ಯದ ಅಂಚು. ತಾಮ್ರ ಹಸಿರುಗಟ್ಟಿ, ಕಬ್ಬಿಣ ಕೆಂಪು ಮುದ್ದೆಯಾಗಿ ಹೊರಬರುವ ಅದೇ ಮಣ್ಣಿನಿಂದ ಬೆಳ್ಳಿ ಎಷ್ಟೋ ಸಲ ಬೆಳ್ಳಗೇ ಎದ್ದು ಬರುತ್ತದೆ.

ಆ ಗೆರೆ ಕಂಡ ಗಳಿಗೆಯನ್ನು ಈ ಹವ್ಯಾಸದವರು ಸಾಯುವವರೆಗೂ ಮರೆಯುವುದಿಲ್ಲ. ನನಗೆ ಮಾತ್ರ ಮೈ ಝುಮ್ಮೆನ್ನುವುದು ಅದಕ್ಕೂ ಮೊದಲು, ಸ್ವರ ಕೇಳಿದಾಗಲೇ. ನೂರಾರು ವರ್ಷ ಕತ್ತಲಲ್ಲಿ ಸುಮ್ಮನೆ ಮಲಗಿದ್ದ ನಾಣ್ಯದೊಳಗೆ ಆ ಕ್ಷಣದಲ್ಲಿ ವಿದ್ಯುತ್ ಹರಿದಿದೆ! ಕೈಯಲ್ಲಿ ಹಿಡಿದಿರುವ ಕೋಲು ಮಣ್ಣಿನ ಮೇಲಿನಿಂದ ಕೂಗಿದೆ, ಕೆಳಗಿನಿಂದ ನಾಣ್ಯ ಓಗೊಟ್ಟಿದೆ. ಮೆಟಲ್ ಡಿಟೆಕ್ಟರ್ ಎಂದರೆ ಲೋಹವನ್ನು ಮೂಸಿ ಹಿಡಿಯುವ ಯಂತ್ರ ಎಂದೋ, ಅಯಸ್ಕಾಂತದ ಹಾಗೆ ಸೆಳೆಯುವ ಸಾಧನ ಎಂದೋ ತಿಳಿದವರು ಬಹಳ. ಬೆಳ್ಳಿಯನ್ನು ಅಯಸ್ಕಾಂತ ಸೆಳೆಯುವುದೇ ಇಲ್ಲ.

ಕಾಯಿಲಿನೊಳಗಿರುವ ತಂತಿಯ ಸುರುಳಿಯಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ. ಸುತ್ತಲಿನ ಕಾಂತಕ್ಷೇತ್ರವೂ ಅದೇ ಲಯದಲ್ಲಿ ಹಿಗ್ಗಿ ಕುಗ್ಗುತ್ತದೆ. ಹೀಗೆ ಬದಲಾಗುತ್ತಿರುವ ಕಾಂತಕ್ಷೇತ್ರ ಲೋಹದ ಮೂಲಕ ಹಾದರೆ ಅಲ್ಲಿ ವಿದ್ಯುತ್ ಹುಟ್ಟುತ್ತದೆ ಎಂಬುದು 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ಸತ್ಯ. ನಾಣ್ಯದಲ್ಲಿ ಅದು ಹೊಳೆಯ ಸುಳಿಯ ಹಾಗೆ ಸುತ್ತುತ್ತದೆ, ಹಾಗಾಗಿ ಅದಕ್ಕೆ ಸುಳಿ ವಿದ್ಯುತ್ ಎಂದೇ ಹೆಸರು. ಆ ಸುಳಿ ತನ್ನದೇ ಪುಟ್ಟ ಕಾಂತಕ್ಷೇತ್ರ ಕಟ್ಟುತ್ತದೆ. ಕಾಯಿಲಿನಲ್ಲಿರುವ ಎರಡನೆಯ ಸುರುಳಿಯ ಕೆಲಸ ಕಿವಿಗೊಟ್ಟು ಆ ಉತ್ತರವನ್ನು ಹಿಡಿಯುವುದು.

ಲೋಹ ಇದೆ ಎಂದು ತಿಳಿಯಲು ಇಷ್ಟು ಸಾಕು. ಆದರೆ ಇರುವುದು ಬೆಳ್ಳಿ ಎಂದು ತಿಳಿಯುವುದು ಹೇಗೆ? ಇಡೀ ವಿದ್ಯೆಯಲ್ಲಿ ನನ್ನನ್ನು ಮರುಳು ಮಾಡಿದ ಭಾಗ ಇದೇ. ಗುಟ್ಟಿರುವುದು ಉತ್ತರದ ಜೋರಿನಲ್ಲಲ್ಲ, ಅದು ಎಷ್ಟು ತಡವಾಗಿ ಬಂತು ಎಂಬುದರಲ್ಲಿ. ಒಂದು ಬಕೆಟ್ ನೀರನ್ನು ಕೋಲಿನಿಂದ ಗಿರಗಿರ ತಿರುಗಿಸಿ ಕೋಲು ತೆಗೆಯಿರಿ. ನೀರು ಇನ್ನೂ ಸುತ್ತುತ್ತಲೇ ಇರುತ್ತದೆ. ಅದೇ ಬಕೆಟ್ಟಿನಲ್ಲಿ ಗಟ್ಟಿ ಕೆಸರಿದ್ದರೆ? ಕೋಲು ನಿಂತಲ್ಲಿಗೆ ಕೆಸರೂ ನಿಂತಿತು. ಬೆಳ್ಳಿ ನೀರಿದ್ದ ಹಾಗೆ: ಒಮ್ಮೆ ಎದ್ದ ಸುಳಿಗೆ ಅಲ್ಲಿ ತಡೆ ಕಡಿಮೆ, ಬೇಗ ಸಾಯುವುದಿಲ್ಲ. ತೆಳ್ಳನೆಯ ಅಲ್ಯುಮಿನಿಯಂ ಫಾಯಿಲ್ ಕೆಸರಿದ್ದ ಹಾಗೆ. ಇನ್ನೊಂದು ರೀತಿಯಲ್ಲಿ ನೋಡುವುದಾದರೆ, ಕಂಚಿನ ಗಂಟೆಗೆ ಹೊಡೆದರೆ ನಾದ ಬಹಳ ಹೊತ್ತು ಉಳಿಯುತ್ತದೆ, ಒಡೆದ ಮಡಕೆಗೆ ಹೊಡೆದರೆ ‘ಡಬ್’ ಎಂದು ಮುಗಿಯುತ್ತದೆ. ಅಥವಾ ಉಯ್ಯಾಲೆ ನೆನೆಸಿಕೊಳ್ಳಿ. ಕೀಲು ಸಲೀಸಾಗಿದ್ದರೆ ತೂಗುವುದನ್ನು ನಿಲ್ಲಿಸಿದ ಮೇಲೂ ಅದು ತನ್ನ ಪಾಡಿಗೆ ತೂಗುತ್ತದೆ. ನಾಣ್ಯದಲ್ಲಿ ಈ ಉಳಿಕೆಯೆಲ್ಲ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ ಹೊತ್ತಿನ ಮಾತು, ಆದರೆ ಎಲೆಕ್ಟ್ರಾನಿಕ್ ಕಿವಿಗೆ ಅಷ್ಟು ಧಾರಾಳವಾಗಿ ಸಾಕು.

ಅಲೆಯ ಒಂದು ಪೂರ್ತಿ ಏರಿಳಿತವನ್ನು ಒಂದು ಸುತ್ತು ಎಂದುಕೊಂಡರೆ, ಫಾಯಿಲಿನ ಉತ್ತರ ಕೂಗಿಗಿಂತ ಕಾಲು ಸುತ್ತಿನಷ್ಟು ಹಿಂದೆ ಬರುತ್ತದೆ. ದಪ್ಪ ಬೆಳ್ಳಿ ನಾಣ್ಯದ್ದು ಹೆಚ್ಚೂಕಡಿಮೆ ಅರ್ಧ ಸುತ್ತು ಹಿಂದೆ, ಅಂದರೆ ಕೂಗು ಏರುವಾಗ ಉತ್ತರ ಇಳಿಯುತ್ತಿರುತ್ತದೆ. ಕಬ್ಬಿಣದ ಮೊಳೆ ಮಾತ್ರ ಕೂಗಿನ ಜೊತೆಜೊತೆಗೇ ಕಾಂತವಾಗುತ್ತದೆ, ಅದರದು ತಡವೇ ಇಲ್ಲದ ಉತ್ತರ. ಯಂತ್ರ ಈ ತಡವನ್ನೇ ಸ್ವರವಾಗಿಸುತ್ತದೆ. ತಡ ಹೆಚ್ಚಾದಷ್ಟೂ ಸ್ವರ ಎತ್ತರ.

ನಂಬಿಕೆ ಬಾರದಿದ್ದರೆ ನಾನು ಮಾಡಿದ್ದನ್ನು ಮಾಡಿ ನೋಡಿ. ಮೊಳೆಯಿಲ್ಲದ ಮರದ ಹಲಗೆಯೊಂದರ ಮೇಲೆ ಡಿಟೆಕ್ಟರ್ ಮಲಗಿಸಿ, ದಪ್ಪ ತಾಮ್ರದ ತಂತಿಯನ್ನು ಉಂಗುರದಂತೆ ಬಗ್ಗಿಸಿ ತುದಿಗಳನ್ನು ಬೆಸುಗೆ ಹಾಕಿ ಕಾಯಿಲಿನ ಮೇಲೆ ಆಡಿಸಿದೆ. ಬೆಳ್ಳಿಯಂಥದೇ ಎತ್ತರದ ಸ್ವರ, ಕೋಣೆಯಿಡೀ ಕೇಳುವಷ್ಟು. ಬಳಿಕ ಅದೇ ಉಂಗುರವನ್ನು ಒಂದು ಕಡೆ ಕತ್ತರಿಸಿದೆ, ಕೂದಲೆಳೆ ತೂರುವಷ್ಟು ಸಂದು. ತೂಕ ಗುಲಗಂಜಿಯಷ್ಟೂ ಇಳಿದಿಲ್ಲ, ಲೋಹ ಅದೇ, ಆಕಾರ ಅದೇ. ಆದರೆ ಸ್ವರ ಬಹುಮಟ್ಟಿಗೆ ಸತ್ತೇ ಹೋಯಿತು, ಉಳಿದದ್ದು ಫಾಯಿಲಿನಂಥ ಒಂದು ಕ್ಷೀಣ ಗುಟುಕು. ಸುತ್ತು ಪೂರ್ತಿಯಾಗದಿದ್ದರೆ ಸುಳಿಗೆ ದಾರಿಯಿಲ್ಲ. ತಂತಿಯ ದಪ್ಪದೊಳಗೇ ಸುತ್ತುವ ಪುಟಾಣಿ ಸುಳಿಗಳಷ್ಟೇ ಉಳಿದಿರುತ್ತವೆ. ಒಡೆದ ಬೆಳ್ಳಿ ಉಂಗುರಗಳನ್ನು ಹುಡುಕಾಟಗಾರರು ಕಸವೆಂದು ಬಿಟ್ಟು ಮುಂದೆ ಹೋಗುವುದು ಇದರಿಂದಲೇ.

ಸಾಮಾನ್ಯ ಉಷ್ಣತೆಯಲ್ಲಿ ಎಲ್ಲ ಲೋಹಗಳಿಗಿಂತ ಚೆನ್ನಾಗಿ ವಿದ್ಯುತ್ ಹರಿಸುವುದು ಬೆಳ್ಳಿ. ತಾಮ್ರ ಅದರ ಬೆನ್ನಿಗೇ ಇದೆ, ಚಿನ್ನ ಸಾಕಷ್ಟು ಹಿಂದೆ. ಬೆಳ್ಳಿಗೆ ಗಟ್ಟಿತನಕ್ಕಾಗಿ ಹತ್ತನೇ ಒಂದು ಪಾಲು ತಾಮ್ರ ಬೆರೆಸಿದರೂ ವಾಹಕತೆ ಅಷ್ಟಾಗಿ ಇಳಿಯುವುದಿಲ್ಲ. ಆದರೆ ತಾಮ್ರಕ್ಕೆ ಕಾಲು ಪಾಲು ನಿಕಲ್ ಬೆರೆಸಿ ನೋಡಿ. ಕಣ್ಣಿಗೆ ಬೆಳ್ಳಿಯಂತೆಯೇ ಹೊಳೆಯುವ ಆ ಮಿಶ್ರಲೋಹದ ವಾಹಕತೆ ಶುದ್ಧ ತಾಮ್ರದ ಇಪ್ಪತ್ತನೇ ಒಂದು ಪಾಲಿನ ಆಸುಪಾಸಿಗೆ ಕುಸಿಯುತ್ತದೆ. ತಾಮ್ರದ ಪರಮಾಣುಗಳ ಶಿಸ್ತಿನ ಸಾಲಿನ ನಡುವೆ ನಿಕಲ್ ಪರಮಾಣುಗಳು ಅಲ್ಲಲ್ಲಿ ನುಸುಳಿ, ಓಡುವ ಇಲೆಕ್ಟ್ರಾನುಗಳಿಗೆ ಹೆಜ್ಜೆಹೆಜ್ಜೆಗೂ ಅಡ್ಡಿ. ಬ್ರಿಟನ್ 1920ರಲ್ಲಿ ತನ್ನ ನಾಣ್ಯಗಳ ಬೆಳ್ಳಿಯನ್ನು ಶೇಕಡಾ 92.5ರಿಂದ 50ಕ್ಕೆ ಇಳಿಸಿತು. 1947ರಲ್ಲಿ ಬೆಳ್ಳಿಯನ್ನೇ ಬಿಟ್ಟು ತಾಮ್ರ-ನಿಕಲ್‌ಗೆ ಬಂತು. ಅಂಗೈಯಲ್ಲಿಟ್ಟರೆ 1946ರ ನಾಣ್ಯಕ್ಕೂ 1947ರದಕ್ಕೂ ಹೆಚ್ಚೇನೂ ಭೇದ ಕಾಣದು, ಡಿಟೆಕ್ಟರಿಗೆ ಮಾತ್ರ ಅವು ಬೇರೆ ಬೇರೆ ಕುಲ.

ಅಮೆರಿಕದ ಕತೆ ಇನ್ನೂ ಸೊಗಸು. ಅಲ್ಲಿ 1964ರವರೆಗೆ ಹತ್ತು ಮತ್ತು ಇಪ್ಪತ್ತೈದು ಸೆಂಟಿನ ನಾಣ್ಯಗಳಲ್ಲೂ ಶೇಕಡಾ 90ರಷ್ಟು ಬೆಳ್ಳಿಯಿತ್ತು. 1965ರಲ್ಲಿ ಅದನ್ನು ಕೈಬಿಡುವಾಗ ತೊಡಕೊಂದು ಎದುರಾಯಿತು: ನಾಣ್ಯ ಹಾಕಿದರೆ ಸರಕು ಕೊಡುವ ಊರೂರಿನ ಮಾರಾಟ ಯಂತ್ರಗಳು ಇದೇ ಸುಳಿ ವಿದ್ಯುತ್ತಿನಿಂದ ಅಸಲಿ-ನಕಲಿ ಪರೀಕ್ಷೆ ಮಾಡುತ್ತಿದ್ದವು. ಬರಿಯ ತಾಮ್ರ-ನಿಕಲ್ ಹಾಕಿದರೆ ಅವು ಉಗುಳಿಬಿಡುತ್ತಿದ್ದವು. ಅದಕ್ಕೇ ನಡುವೆ ಶುದ್ಧ ತಾಮ್ರ, ಮೇಲೂ ಕೆಳಗೂ ತಾಮ್ರ-ನಿಕಲ್ ಹೊದಿಕೆ ಇಟ್ಟು, ವಿದ್ಯುತ್ತಿನ ಮಟ್ಟಿಗೆ ಬೆಳ್ಳಿಯನ್ನು ಹೋಲುವ ನಾಣ್ಯ ಮಾಡಿದರು. ಯಂತ್ರಗಳು ಒಪ್ಪಿದವು. ಅಲ್ಲಿನ ಹುಡುಕಾಟಗಾರರು ಇಂದಿಗೂ ಎತ್ತರದ ಸ್ವರ ಕೇಳಿ ಅಗೆದು, 1965ರ ನಂತರದ ನಾಣ್ಯ ನೋಡಿ ನಿಟ್ಟುಸಿರು ಬಿಡುತ್ತಾರೆ.

ನಾಣ್ಯಕ್ಕೂ ಈ ವಿದ್ಯೆಗೂ ನಂಟು ಮೊದಲಿನಿಂದಲೂ ಇದೆ. 1879ರಲ್ಲಿ ವಿಜ್ಞಾನಿ ಡೇವಿಡ್ ಹ್ಯೂಸ್ ಎರಡು ಜೊತೆ ಸುರುಳಿಗಳನ್ನು ತಕ್ಕಡಿಯ ತಟ್ಟೆಗಳಂತೆ ಸರಿದೂಗಿಸಿ, ಎರಡರಲ್ಲೂ ಒಂದೊಂದು ನಾಣ್ಯವಿಟ್ಟು ಕಿವಿಗೆ ಟೆಲಿಫೋನ್ ಹಿಡಿದ. ಎರಡೂ ಅಸಲಿಯಾದರೆ ಮೌನ, ಒಂದು ಖೋಟಾ ಆದರೆ ಸದ್ದು. ಎರಡು ವರ್ಷದ ಬಳಿಕ, 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್‌ಗೆ ಗುಂಡೇಟು ಬಿದ್ದಾಗ, ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದೇ ತಕ್ಕಡಿಯನ್ನು ತಿದ್ದಿ ದೇಹದೊಳಗಿನ ಗುಂಡು ಹುಡುಕಲು ಹೋದ. ಗುಂಡಿದ್ದದ್ದು ಎಡಗಡೆ. ವೈದ್ಯರು ಬಲಗಡೆಯಷ್ಟೇ ನೋಡಲು ಬಿಟ್ಟರು. ಸಾಲದ್ದಕ್ಕೆ ಹಾಸಿಗೆಯೊಳಗೆ ಉಕ್ಕಿನ ಸ್ಪ್ರಿಂಗುಗಳು. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡರು. ಈ ಪ್ರಸಂಗ ಓದಿದಾಗಲೆಲ್ಲ ಸಂಕಟವಾಗುತ್ತದೆ, ಯಂತ್ರ ಸರಿಯಿತ್ತು. ಮುಂದೆ ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೂಜೆಫ್ ಕೊಸಾಟ್ಸ್ಕಿ ಕೈಯಲ್ಲಿ ಹಿಡಿಯುವ ನೆಲಬಾಂಬ್ ಶೋಧಕ ರೂಪಿಸಿದ. 1942ರಲ್ಲಿ ಈಜಿಪ್ಟಿನ ಎಲ್ ಅಲಮೀನ್ ಮರಳಿನಲ್ಲಿ ಅದು ಸೈನಿಕರಿಗೆ ದಾರಿ ಬಿಡಿಸಿತು. ಯುದ್ಧ ಮುಗಿದ ಮೇಲೆ ಅಂಥ ಯಂತ್ರಗಳು ಹವ್ಯಾಸಿಗಳ ಕೈಗೆ ಬಂದವು.

ಇನ್ನು ಆಳದ ಮಾತು. ‘ಇಪ್ಪತ್ತು ಅಡಿ ಕೆಳಗಿನ ನಾಣ್ಯ ತೋರಿಸುತ್ತದೆ’ ಎಂದು ಯಾರಾದರೂ ಯಂತ್ರ ಮಾರಲು ಬಂದರೆ ಬಾಗಿಲು ಹಾಕಿಕೊಳ್ಳಿ. ಕಾಯಿಲಿನ ಅಗಲವನ್ನು ಮೀರಿದ ದೂರದಲ್ಲಿ ಆಳ ಎರಡರಷ್ಟಾದರೆ ಕೂಗು ಎಂಟನೇ ಒಂದಾಗಿ ನಾಣ್ಯಕ್ಕೆ ತಲುಪುತ್ತದೆ. ಅದರ ಉತ್ತರವೂ ಮೇಲೆ ಬರುವಷ್ಟರಲ್ಲಿ ಮತ್ತೆ ಎಂಟನೇ ಒಂದಾಗುತ್ತದೆ. ಒಟ್ಟು 64ನೇ ಒಂದು. 25 ಸೆಂಟಿಮೀಟರಿನಲ್ಲಿ ಕೇಳಿದ ನಾಣ್ಯ ಒಂದು ಮೀಟರಿಗೆ ಇಳಿದರೆ ಉಳಿಯುವ ಉತ್ತರ ಸುಮಾರು ನಾಲ್ಕು ಸಾವಿರದಲ್ಲಿ ಒಂದು ಪಾಲು. ಆದ್ದರಿಂದ ಒಂಟಿ ನಾಣ್ಯ ಸಿಗುವುದು ಒಂದು ಗೇಣು, ಹೆಚ್ಚೆಂದರೆ ಒಂದೂವರೆ ಗೇಣು ಆಳದಲ್ಲಿ. ಅದೂ ಮಟ್ಟಸವಾಗಿ ಮಲಗಿದ್ದರೆ. ಅಂಚಿನ ಮೇಲೆ ನಿಂತಿದ್ದರೆ ಸುಳಿಗೆ ಸಿಗುವ ಬಯಲೇ ಕಿರಿದು, ಸ್ವರ ಬಡವಾಗುತ್ತದೆ. ಕಾಳಿನಷ್ಟು ಪುಟ್ಟ, ತೆಳ್ಳಗಿನ ಬೆಳ್ಳಿ ನಾಣ್ಯ ಅಲ್ಯುಮಿನಿಯಂ ಚೂರಿನ ಸ್ವರ ಕೊಡುವುದೂ ಉಂಟು. ದೊಡ್ಡ ತುಕ್ಕು ತಗಡು ಬೆಳ್ಳಿಯ ವೇಷ ಹಾಕುವುದೂ ಉಂಟು.

ಆದರೂ ಈ ಮೋಸಗಳನ್ನೆಲ್ಲ ಕ್ಷಮಿಸಬಹುದು, ಕ್ಷಮಿಸಲಾಗದ್ದು ಬೇರೆ ಇದೆ. ಹಿಡಿಯಲ್ಲಿ ಸಡಿಲವಾಗಿ ತಿರುಗುವ ಎರಡು ಕಡ್ಡಿ, ‘ಚಿನ್ನ’ ‘ಬೆಳ್ಳಿ’ ಎಂದು ಬರೆದ ಗುಂಡಿಗಳು, ಅರ್ಧ ಮೈಲಿ ದೂರದ ನಿಧಿಯತ್ತ ತಾನೇ ವಾಲುತ್ತದೆ ಎಂಬ ಪ್ರಚಾರ. ಕವಲು ಕಡ್ಡಿಯಿಂದ ಅದಿರು ಹುಡುಕುವ ಪದ್ಧತಿಯನ್ನು ಗಣಿಗಾರಿಕೆಯ ಬಗ್ಗೆ ಬರೆದ ಜರ್ಮನ್ ವಿದ್ವಾಂಸ ಅಗ್ರಿಕೋಲಾ 1556ರಲ್ಲೇ ವಿವರಿಸಿ, ಬಲ್ಲ ಗಣಿಗಾರನಿಗೆ ಅದು ಬೇಡ ಎಂದಿದ್ದ. ಕಡ್ಡಿ ತಿರುಗುವುದು ನಿಜ, ಹಿಡಿದವರು ಸುಳ್ಳು ಹೇಳುತ್ತಿಲ್ಲ. ತಿರುಗಿಸುವುದು ಅವರದೇ ಮಣಿಕಟ್ಟು, ಅವರಿಗೇ ಗೊತ್ತಾಗದಂತೆ. ಇದನ್ನು ಅಚ್ಚುಕಟ್ಟಾಗಿ ತೋರಿಸಿದ್ದು ಬೇರೆ ಯಾರೂ ಅಲ್ಲ, ಅದೇ ಫ್ಯಾರಡೆ! 1853ರಲ್ಲಿ ಜನ ಮೇಜಿನ ಸುತ್ತ ಕುಳಿತು ಕೈಯಿಟ್ಟರೆ ಪ್ರೇತಗಳು ಮೇಜು ತಿರುಗಿಸುತ್ತವೆ ಎಂಬ ಗೀಳು ಹಬ್ಬಿತ್ತು. ಆತ ಕೈಗಳ ಕೆಳಗೆ ಮೆತ್ತನೆಯ ಅಂಟಿನಿಂದ ಜೋಡಿಸಿದ ರಟ್ಟುಗಳ ಅಟ್ಟಿ ಇಟ್ಟ. ಮೇಜು ಕೈಯನ್ನು ಎಳೆದಿದ್ದರೆ ಕೆಳಗಿನ ರಟ್ಟು ಮುಂದೆ ಸರಿಯಬೇಕು. ಸರಿದದ್ದು ಮೇಲಿನ ರಟ್ಟು. ಕೈ ತಳ್ಳಿತ್ತು, ಮೇಜು ಹಿಂಬಾಲಿಸಿತ್ತು. ಕೈ ಸರಿಯುವುದನ್ನು ತೋರುವ ಕಡ್ಡಿಯೊಂದನ್ನು ಕುಳಿತವರ ಕಣ್ಣೆದುರಿಗೇ ಇಟ್ಟಾಗ ಮೇಜು ಅಲುಗಾಡಲೇ ಇಲ್ಲ. ನಿಜವಾದ ಡಿಟೆಕ್ಟರಿಗೆ ಬೇಕಾದ ನಿಯಮ ಕೊಟ್ಟವನೂ, ಸುಳ್ಳು ಕಡ್ಡಿಯ ಬೇರು ಕಿತ್ತವನೂ ಒಬ್ಬನೇ.

ಇಷ್ಟಾದರೂ, ಒಳಗೆ ಕೆಲಸ ಮಾಡುವ ಒಂದೇ ಒಂದು ಸರ್ಕ್ಯೂಟ್ ಇಲ್ಲದ ಇಂಥದೇ ಕಡ್ಡಿಯನ್ನು ನಮ್ಮ ಕಾಲದಲ್ಲೇ ಬಾಂಬ್ ಶೋಧಕವೆಂದು ಇರಾಕಿನ ಚೆಕ್‌ಪೋಸ್ಟುಗಳಿಗೆ ಮಾರಿದರು. ಮಾರಿದವನಿಗೆ 2013ರಲ್ಲಿ ಬ್ರಿಟನ್ನಿನ ಕೋರ್ಟು ಹತ್ತು ವರ್ಷ ಜೈಲು ವಿಧಿಸಿತು. ಅಷ್ಟರಲ್ಲಿ ಆ ಕಡ್ಡಿಯನ್ನು ನಂಬಿ ಎಷ್ಟು ವಾಹನಗಳನ್ನು ಮುಂದೆ ಬಿಟ್ಟಿದ್ದರೋ!

ನಾಣ್ಯ ಕೈಗೆ ಬಂದಾಗ ಮೊದಲು ಅನ್ನಿಸುವುದು ಬೆರಳಿನಿಂದ ಉಜ್ಜಬೇಕು ಎಂದು. ಉಜ್ಜಬೇಡಿ. ಮಣ್ಣಿನ ಮರಳು ಕಣಗಳು ಬೆಳ್ಳಿಗಿಂತ ಗಟ್ಟಿ, ಇಷ್ಟು ಕಾಲ ಉಳಿದ ಅಕ್ಷರಗಳನ್ನು ಒಂದೇ ಉಜ್ಜಿಗೆ ಗೀಚಿಬಿಡುತ್ತವೆ. ಎರಡು-ಮೂರು ನಾಣ್ಯ ಒಟ್ಟಿಗೆ ಕಂಡರೆ ಅಗೆಯುವುದನ್ನೇ ನಿಲ್ಲಿಸಬೇಕು. ನೆಲದೊಡೆಯರ ಒಪ್ಪಿಗೆ, ಆಯಾ ದೇಶದ ಕಾನೂನು ಇವೆಲ್ಲ ಗುದ್ದಲಿಗಿಂತ ಮೊದಲು ಬರುವ ಮಾತುಗಳು.

1992ರ ನವೆಂಬರ್ 16ರಂದು ಇಂಗ್ಲೆಂಡಿನ ಹಾಕ್ಸ್‌ನ್ ಹಳ್ಳಿಯ ಹೊಲದಲ್ಲಿ ಎರಿಕ್ ಲಾಸ್ ಎಂಬುವರು ಡಿಟೆಕ್ಟರ್ ಹಿಡಿದು ಹೊರಟಿದ್ದು ನಿಧಿಗಲ್ಲ, ರೈತನೊಬ್ಬ ಕಳೆದುಕೊಂಡ ಸುತ್ತಿಗೆಗೆ. ಸಿಕ್ಕಿದ್ದು ರೋಮನ್ ಬೆಳ್ಳಿ. ಅವರು ಒಂದಿಷ್ಟು ತೆಗೆದವರೇ ಕೈ ನಿಲ್ಲಿಸಿ ಸುದ್ದಿ ಮುಟ್ಟಿಸಿದರು. ಪುರಾತತ್ವಜ್ಞರು ಬಂದು ಮಣ್ಣಿನ ಸಮೇತ ಎತ್ತಿದ್ದರಿಂದ, ಹದಿನಾಲ್ಕು ಸಾವಿರಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳ ಜೊತೆಗೆ, ಕೊಳೆತುಹೋದ ಮರದ ಪೆಟ್ಟಿಗೆಯ ಅಳತೆಯೂ, ಒಳಗಿನ ಪುಟ್ಟ ಪೆಟ್ಟಿಗೆಗಳ ಬೆಳ್ಳಿ ಬೀಗಗಳೂ ಉಳಿದವು. ಬೆಳ್ಳಿ ನಾಣ್ಯಗಳಲ್ಲಿ ಬಹುಪಾಲಿನ ಅಂಚು ಕತ್ತರಿಸಿತ್ತು. ಯಾರೋ ಒಂದೊಂದರಿಂದಲೂ ಸುತ್ತ ಚೂರು ಬೆಳ್ಳಿ ಕೊಯ್ದುಕೊಂಡು, ಚಕ್ರವರ್ತಿಯ ಮುಖಕ್ಕೆ ಮಾತ್ರ ಕತ್ತರಿ ತಾಗಿಸಿರಲಿಲ್ಲ. ಸುತ್ತಿಗೆಯೂ ಸಿಕ್ಕಿತು. ಬ್ರಿಟಿಷ್ ಮ್ಯೂಸಿಯಂ ನಾಣ್ಯಗಳ ಜೊತೆಗೆ ಅದನ್ನೂ ಇಟ್ಟುಕೊಂಡಿದೆ.